ಎಂಟು ಹಾಕಿದ ಮೇಲೆ

ಹೈದರಾಬಾದಿನ ಉಪ್ಪಲ್ ಪಕ್ಕದ ನಾಗೋಲ್ ಟ್ರ್ಯಾಕಿನಲ್ಲಿ ಬೈಕ್ ಲೈಸೆನ್ಸಿಗೆ ಬಂದವರು ಎಂಟು ಹಾಕುವುದನ್ನು ನೋಡಬೇಕು. ಅರ್ಧ ಕ್ಲಚ್, ಹಿಂದಿನ ಬ್ರೇಕಿನ ಮೇಲೆ ಪಾದ, ಉಸಿರು ಬಿಗಿಹಿಡಿದ ಮುಖ. ಕಾಲು ಊರದೆ ಸುತ್ತಿ ಬಂದರೆ ಪಾಸ್. ಈ ಪರೀಕ್ಷೆಯನ್ನು ಸುಳ್ಳೆನ್ನಲಾರೆ, ನಿಧಾನದಲ್ಲಿ ಸಮತೋಲ ಕಾಯುವುದು ಸುಲಭವಲ್ಲ. ಆದರೆ ಕೇಂದ್ರ ಮೋಟಾರು ವಾಹನ ನಿಯಮ 15 ಬಯಸುವ ತುರ್ತು ನಿಲುಗಡೆ, ಓವರ್‌ಟೇಕಿಂಗ್ ಎಲ್ಲ ಆ ಎಂಟರೊಳಗೆ ಎಲ್ಲಿವೆ? ಹದಿನೆಂಟಕ್ಕೆ ಲೈಸೆನ್ಸ್ ಪಡೆದವನಿಗೆ ಅದು ನಲವತ್ತರವರೆಗೆ ನಡೆಯುತ್ತದೆ. ನಡುವಿನ 22 ವರ್ಷ ಅವನು ಹೇಗೆ ಗಾಡಿ ಓಡಿಸುತ್ತಾನೆಂದು ಯಾರೂ ಕೇಳುವುದಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಪ್ರಾಣ ಬಿಟ್ಟ 1,68,491 ಜನರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು.

ಹೀಗಾಗಿ ಇನ್ನಷ್ಟು ಕಲಿಯಬೇಕೆನ್ನುವವರು ದುಡ್ಡು ಕೊಟ್ಟು ಹೊರಗೆ ಹೋಗುತ್ತಾರೆ. ಹೆಸರು ಮಾಡಿರುವುದು ಕೀತ್ ಕೋಡ್ 1980ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್. ಚೆನ್ನೈ ಬಳಿಯ ರೇಸ್ ಟ್ರ್ಯಾಕಿನಲ್ಲೂ ಅದು ಶಿಬಿರ ನಡೆಸಿದೆ. ಅವರ ಪಾಠಕ್ರಮ ಅಚ್ಚುಕಟ್ಟು: ಒಂದು ಸಲಕ್ಕೆ ಒಂದೇ ವಿಷಯ, ಮೊದಲು ಥ್ರಾಟಲ್, ಆಮೇಲೆ ತಿರುವಿನ ಜಾಗ, ಆಮೇಲೆ ಕಣ್ಣು. ಅವರದೊಂದು ವಿಚಿತ್ರ ಬೈಕ್ ಇದೆ. ಮಾಮೂಲಿ ಹ್ಯಾಂಡಲ್ ಜೊತೆಗೆ ಚಾಸಿಗೇ ಬಿಗಿದ, ಅಲುಗಾಡದ ಇನ್ನೊಂದು ಹ್ಯಾಂಡಲ್, ಅದಕ್ಕೂ ಥ್ರಾಟಲ್. ಅದನ್ನು ಹಿಡಿದು ಮೈ ಎಷ್ಟೇ ವಾಲಿಸಿದರೂ ಗಾಡಿ ಹೆಚ್ಚುಕಡಿಮೆ ನೆಟ್ಟಗೇ ಹೋಗುತ್ತದೆ. ಮಾಮೂಲಿ ಹ್ಯಾಂಡಲಿನ ಎಡತುದಿಯನ್ನು ಮುಂದಕ್ಕೆ ಒತ್ತಿದರೆ ಸಾಕು, ತಟ್ಟನೆ ಎಡಕ್ಕೆ ವಾಲುತ್ತದೆ. ಮೈ ವಾಲಿಸಿದರೆ ಗಾಡಿ ತಿರುಗುತ್ತದೆಂಬ, ವರ್ಷಗಟ್ಟಲೆ ಬೈಕ್ ಓಡಿಸಿದವರ ಮೂಢನಂಬಿಕೆಯನ್ನು ಇಷ್ಟು ಬೇಗ ಬಿಡಿಸುವ ಇನ್ನೊಂದು ಪಾಠ ನನಗೆ ಗೊತ್ತಿಲ್ಲ.

ಆದರೆ ಟ್ರ್ಯಾಕಿನಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ. ಉಪ್ಪಲ್ ರಿಂಗ್ ರೋಡಿನಿಂದ ವರಂಗಲ್ ಹೆದ್ದಾರಿ ಹಿಡಿದು ಬೋಡುಪ್ಪಲ್ ಕಡೆ ಹೊರಟವನಿಗೆ ಬರುವುದೆಲ್ಲ ಎದುರಿನಿಂದಲೇ. ರಾಂಗ್ ರೂಟಿನ ಸ್ಕೂಟರ್, ಕೈ ತೋರಿಸದೆ ತಿರುಗುವ ಆಟೊ, ಜೊತೆಗೆ 2018ರಲ್ಲಿ ಶಂಕುಸ್ಥಾಪನೆಯಾಗಿ ವರ್ಷಗಟ್ಟಲೆ ಕಂಬಗಳಲ್ಲೇ ನಿಂತ ನಾರಪಲ್ಲಿ ಮೇಲ್ಸೇತುವೆಯ ಕೃಪೆಯಿಂದ ಜಲ್ಲಿ, ಗುಂಡಿ, ಧೂಳು. ಇಲ್ಲಿ ಮೊಣಕಾಲು ನೆಲಕ್ಕೆ ತಾಗಿಸುವ ವಿದ್ಯೆ ಯಾರಿಗೆ ಬೇಕು?

ಆದ್ದರಿಂದ ನನ್ನ ಮತ ಮಣ್ಣಿಗೆ. 2015ರಲ್ಲಿ ಡಾಕರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ, ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್, ಕೋಲಾರದ ಬಳಿ ಬಿಗ್‌ರಾಕ್ ಡರ್ಟ್‌ಪಾರ್ಕ್ ಎಂಬ ಆಫ್‌ರೋಡ್ ತರಬೇತಿ ಕೇಂದ್ರ ಕಟ್ಟಿದರು. ಆಫ್‌ರೋಡ್ ಅಂದರೆ ಬೆಟ್ಟ ಹತ್ತುವವರ ಶೋಕಿ ಅನ್ನುವವರಿದ್ದಾರೆ. ಆದರೆ ಮಣ್ಣಿನಲ್ಲಿ ಕಲಿಯುವುದು ಬೇರೆಯೇ. ಫುಟ್‌ಪೆಗ್ ಮೇಲೆ ನಿಂತು, ಮೊಣಕಾಲಲ್ಲಿ ಟ್ಯಾಂಕ್ ಅಪ್ಪಿ, ಕೈ ಸಡಿಲ ಬಿಟ್ಟು, ಕೆಳಗೆ ಗಾಡಿ ಕುಣಿಯಲು ಬಿಡುವುದು. ಹಿಂದಿನ ಚಕ್ರ ಬೇಕೆಂದೇ ಲಾಕ್ ಮಾಡಿ ಜಾರಿಸಿ ನೋಡುವುದು. ಸಡಿಲ ನೆಲದಲ್ಲಿ ಮುಂದಿನ ಬ್ರೇಕನ್ನು ಎರಡೇ ಬೆರಳಲ್ಲಿ ಮೆಲ್ಲಗೆ ಹಿಂಡುತ್ತ ಹೋಗುವುದು. ಅದೇ ವರಂಗಲ್ ಹೆದ್ದಾರಿಯ ಪೀರ್ಜಾದಿಗೂಡದ ಜಲ್ಲಿಯ ಮೇಲೆ ಬೇಕಾದದ್ದು ಇವೇ. ಮುಂದಿನ ಬ್ರೇಕ್ ಮುಟ್ಟಿದರೆ ಪಲ್ಟಿ ಎಂದು ಅಣ್ಣಂದಿರಿಂದ ಕಲಿತು ಬಂದ ಭಯ ಇಲ್ಲಿ ಬಿಡುತ್ತದೆ. ಬಿದ್ದರೂ ನಿಧಾನದಲ್ಲಿ, ಮಣ್ಣಿನ ಮೇಲೆ.

ಟ್ರ್ಯಾಕು, ಮಣ್ಣು ಎರಡರಲ್ಲೂ ಇಲ್ಲದ್ದು ಬ್ರಿಟನ್ನಿನಲ್ಲಿದೆ. ಅಲ್ಲಿನ ಐಎಎಂ ರೋಡ್‌ಸ್ಮಾರ್ಟ್, ರೋಸ್ಪಾ ಸಂಸ್ಥೆಗಳಲ್ಲಿ ಅನುಭವಿ ಸವಾರನೊಬ್ಬ ಮಾಮೂಲಿ ರಸ್ತೆಯಲ್ಲಿ ನಿಮ್ಮ ಬೆನ್ನಹಿಂದೆ ಬೈಕಿನಲ್ಲಿ ಬಂದು, ಆ ಲಾರಿಯ ಹಿಂದೆ ಅಷ್ಟು ಹತ್ತಿರ ಯಾಕೆ ಹೋದಿರಿ ಎಂದು ಕೇಳುತ್ತಾನೆ. ಪರೀಕ್ಷೆಯೂ ರಸ್ತೆಯಲ್ಲೇ. ಐಎಎಂ ಒಮ್ಮೆ ಪಾಸಾದವರನ್ನು ಮತ್ತೆ ಪರೀಕ್ಷೆಗೆ ಬಾ ಎಂದು ಒತ್ತಾಯಿಸುವುದಿಲ್ಲ. ರೋಸ್ಪಾ ಚಿನ್ನ, ಬೆಳ್ಳಿ, ಕಂಚು ಎಂದು ದರ್ಜೆ ಕೊಟ್ಟು ಮೂರು ವರ್ಷಕ್ಕೊಮ್ಮೆ ಮರುಪರೀಕ್ಷೆ ಮಾಡುತ್ತದೆ. ನನಗೆ ಹಿಡಿಸಿದ್ದು ರೋಸ್ಪಾ.

ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸುವವರಿಗೆ ಒಂದು ಮಾತು. ಬೈಕ್ ತರಬೇತಿಯ ಅಧ್ಯಯನಗಳನ್ನೆಲ್ಲ ತೂಗಿ ನೋಡಿದ 2010ರ ಕಾಕ್ರೇನ್ ಸಮೀಕ್ಷೆಗೆ, ಯಾವ ಬಗೆಯ ತರಬೇತಿ ಅಪಘಾತ ತಗ್ಗಿಸುತ್ತದೆ ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ಆದ್ದರಿಂದ ಕೋರ್ಸ್ ಸೇರುವ ಮುನ್ನ ಫೀಸು ಎಷ್ಟು, ಯಾವ ಬೈಕ್ ಕೊಡುತ್ತೀರಿ ಎಂದಷ್ಟೇ ಕೇಳಬೇಡಿ. ಕೊನೆಯಲ್ಲಿ ನಾನು ಫೇಲ್ ಆಗುವ ಸಾಧ್ಯತೆ ಇದೆಯೇ ಎಂದೂ ಕೇಳಿ. ಇಲ್ಲವೆಂದರೆ ಅದು ಪರೀಕ್ಷೆಯಲ್ಲ, ಹಾಜರಿ ಪಟ್ಟಿ. ಕಲಿಕೆಗಾಗಿ ಹೋಗಬಹುದು, ಉಪ್ಪಲ್‌ನಿಂದ ಹೊರಡುವವರು ಮೊದಲು ಕೋಲಾರಕ್ಕೆ, ದುಡ್ಡು ಉಳಿದರೆ ಚೆನ್ನೈಗೆ.