ಮೆಟಲ್ ಕೇಳುವವರಿಗೆ: ತಳದಿಂದ ಶುರುಮಾಡಿ

ಹೆವಿ ಮೆಟಲ್ ಎಂದರೆ ಗಿಟಾರಿನ ಅಬ್ಬರ ಎಂದುಕೊಂಡೇ ಹೆಚ್ಚಿನವರು ಕೇಳಲು ಕೂರುತ್ತಾರೆ. ಆದರೆ ಎದೆಗೆ ತಾಕುವ ಆ ಭಾರ ಹುಟ್ಟುವುದು ಕಿಕ್ ಡ್ರಮ್ ಮತ್ತು ಬೇಸ್ ಗಿಟಾರ್ ಒಂದಾಗುವ ಕಡೆ. ಮನೆಯ ಕೋಣೆಯಲ್ಲೇ ಹಾಡು ಮುದ್ರಿಸಿ ಮಿಕ್ಸ್ ಮಾಡುವವರ ನಿಜವಾದ ಪರೀಕ್ಷೆಯೂ ಅಲ್ಲೇ.

ಮೊದಲು ಹೆಡ್‌ಫೋನ್
ನಾಲ್ಕು ತಂತಿಯ ಬೇಸಿನ ಅತಿ ಮಂದ್ರ ಸ್ವರ ಸುಮಾರು 41 ಹರ್ಟ್ಜ್. ಮೆಟಲ್ ವಾದಕರು ಶ್ರುತಿಯನ್ನು ಇನ್ನೂ ಇಳಿಸಿ 31ರವರೆಗೂ ಹೋಗುವುದುಂಟು. ಫೋನಿನ ಪುಟ್ಟ ಸ್ಪೀಕರಿಗೆ ಅದು ನಿಲುಕದು.

ಕಿಕ್‌ನ ಎರಡು ದನಿ
ಮೃದಂಗದ ಎಡ-ಬಲಗಳ ಹಾಗೆ ಕಿಕ್‌ನಲ್ಲೂ ಎರಡು ದನಿಗಳಿವೆ: 60 ಹರ್ಟ್ಜ್ ಆಸುಪಾಸಿನ ‘ಗುಂ’, ಬೀಟರ್ ತಾಕಿದಾಗ 4000 ಹರ್ಟ್ಜ್ ಸುತ್ತಮುತ್ತ ಸಿಡಿಯುವ ‘ಟಕ್’. ನಿಮಿಷಕ್ಕೆ 240 ಬೀಟ್ ವೇಗದಲ್ಲಿ ಬೀಟಿಗೆ ನಾಲ್ಕರಂತೆ ಬಡಿದರೆ ಸೆಕೆಂಡಿಗೆ 16 ಪೆಟ್ಟು. ‘ಗುಂ’ಗಳೆಲ್ಲ ಕಲಸಿಹೋಗುತ್ತವೆ, ಪೆಟ್ಟುಗಳನ್ನು ಬಿಡಿಸಿ ತೋರಿಸುವುದು ‘ಟಕ್’. ವೇಗದ ಹಾಡುಗಳಲ್ಲಿ ಅದನ್ನೇ ಮುಂದಕ್ಕೆ ತರುವುದು ಅದಕ್ಕೇ.

ಬೇಸಿಗೆ ಜಾಗ
ಒಂದೇ ಬೇಸನ್ನು ಎರಡು ಟ್ರ್ಯಾಕ್ ಮಾಡಿಕೊಳ್ಳುವುದು ಮನೆಯ ಮಿಕ್ಸಿಂಗಿನ ಮುಖ್ಯ ಉಪಾಯ. ಒಂದರಲ್ಲಿ ಶುದ್ಧ ಮಂದ್ರ. ಇನ್ನೊಂದಕ್ಕೆ ಡಿಸ್ಟಾರ್ಷನ್ ಕೊಟ್ಟು, 700ರಿಂದ 2000 ಹರ್ಟ್ಜ್ ನಡುವಿನ ಒರಟು ದನಿ ಗಿಟಾರುಗಳ ನಡುವೆ ಮೇಲೇಳುವಂತೆ ಮಾಡುತ್ತಾರೆ. ಗಿಟಾರಿನಲ್ಲಿ 80–100 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸುತ್ತಾರೆ. ಕಿಕ್ ಬಿದ್ದ ಕ್ಷಣ ಕಂಪ್ರೆಸರ್ ಬೇಸನ್ನು ಒಂದಿಷ್ಟು ತಗ್ಗಿಸಿ ಮತ್ತೆ ಬಿಡುತ್ತದೆ. ಇದೆಲ್ಲ ಹದವಾದಾಗ ಪೆಟ್ಟಿಗೇ ಸ್ವರ ಬಂದಂತೆ ಕೇಳುತ್ತದೆ.

ಕಿವಿಗೆ ಅಭ್ಯಾಸ
ಮೆಟಾಲಿಕಾದ 1988ರ ‘...ಆ್ಯಂಡ್ ಜಸ್ಟಿಸ್ ಫಾರ್ ಆಲ್’ ಕೇಳಿ. ಜೇಸನ್ ನ್ಯೂಸ್ಟೆಡ್ ನುಡಿಸಿದ ಬೇಸ್ ಅದರಲ್ಲಿ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ರಚನೆಗಳು ಅದ್ಭುತ, ಆದರೆ ದನಿ ಒಣಗಿದೆ. ಬೆನ್ನಿಗೇ, ಬಾಬ್ ರಾಕ್ ನಿರ್ಮಾಣದಲ್ಲಿ ಪಾಲ್ಗೊಂಡ 1991ರ ‘ಮೆಟಾಲಿಕಾ’ ಹಾಕಿ. ಅದೇ ತಂಡ, ಅದೇ ವಾದಕರು. ಕಾಲಡಿಗೆ ನೆಲ ಸಿಕ್ಕಿರುತ್ತದೆ.

ಮನೆಯಲ್ಲಿ ಡ್ರಮ್ ಸೆಟ್ ಬಾರಿಸಲು ಜಾಗವೂ ಇರದು, ನೆರೆಯವರೂ ಬಿಡರು. ಹಾಗಾಗಿ ಕಂಪ್ಯೂಟರಿನಲ್ಲಿ ಸ್ಯಾಂಪಲ್‌ಗಳನ್ನು ಜೋಡಿಸುತ್ತಾರೆ. ಅದನ್ನು ಕೀಳಾಗಿ ಕಾಣಬೇಡಿ. ಸ್ವೀಡನ್ನಿನ ಮೆಶುಗಾ 2005ರ ‘ಕ್ಯಾಚ್ ಥರ್ಟಿಥ್ರೀ’ಗೆ ಡ್ರಮ್‌ಗಳನ್ನು ಪ್ರೋಗ್ರಾಮ್ ಮಾಡಿಯೇ ಕೂರಿಸಿತು. ಗಮನಿಸಬೇಕಾದದ್ದು ಸ್ನೇರ್ ಪೆಟ್ಟಿನ ಏರಿಳಿತ. ಎಲ್ಲ ಪೆಟ್ಟೂ ಒಂದೇ ಬಲದ್ದಾದರೆ ಉರುಳಿಕೆಗಳು ಯಂತ್ರದಂತೆ ಕೇಳುತ್ತವೆ. ಬಲ ಸ್ವಲ್ಪ ಹೆಚ್ಚುಕಡಿಮೆಯಾದರೆ ಕೈಯ ಜೀವ ಬರುತ್ತದೆ.

ತೆಳು ದನಿಯೆಲ್ಲ ಸೋಲೂ ಅಲ್ಲ. ನಾರ್ವೆಯ ಡಾರ್ಕ್‌ಥ್ರೋನ್ ತಂಡದ ಫೆನ್ರಿಜ್ ನಾಲ್ಕು ಟ್ರ್ಯಾಕಿನ ಯಂತ್ರದಲ್ಲಿ ಮುದ್ರಿಸಿದ ‘ಟ್ರಾನ್ಸಿಲ್ವೇನಿಯನ್ ಹಂಗರ್’ (1994) ಭಾರವನ್ನೇ ಬಿಟ್ಟುಕೊಟ್ಟು ಚಳಿಯನ್ನು ಗಳಿಸಿತು. ಬ್ಲ್ಯಾಕ್ ಮೆಟಲ್‌ಗೆ ಬೇಕಿದ್ದದ್ದು ಅದೇ.

ಹೀಗೆ ಕೇಳಿ
ಒಂದು ಹಾಡನ್ನು ಮೂರು ಸಲ ಕೇಳಿ: ಬರೀ ಕಿಕ್, ಬರೀ ಬೇಸ್, ಆಮೇಲೆ ಎರಡೂ ಕೂಡುವ ಜಾಗ. ಹೊಸಬರ ಮನೆಯ ಮುದ್ರಣ ಸಿಕ್ಕರೆ ದುಬಾರಿ ಸ್ಟುಡಿಯೊಗೆ ಹೋಲಿಸಬೇಡಿ. ವೇಗದಲ್ಲೂ ಪೆಟ್ಟುಗಳು ಬಿಡಿಯಾಗಿವೆಯೇ? ಬೇಸಿನ ಸ್ವರವನ್ನು ನೀವು ಗುನುಗಬಲ್ಲಿರಾ? ಹೌದಾದರೆ ಮಾಡಿದವರಿಗೆ ಅದನ್ನು ಹೇಳಿ. ಗಿಟಾರನ್ನು ಹೊಗಳುವವರು ಬೇಕಾದಷ್ಟಿದ್ದಾರೆ. ಈ ಕೆಲಸವನ್ನು ಗುರುತಿಸಿ ಮೆಚ್ಚುವವರು ಕಡಿಮೆ.