ಕೌಶಲವೇ ಮುಖವಾದಾಗ: ಬೋರಿಸ್ ಆರ್ಟ್ಸಿಬಾಶೆಫ್‌ನ ಚಿತ್ರಗಳಲ್ಲಿ ಜನಪದ ಕಥಾದೃಷ್ಟಿ

ವಲಸೆ ಬಂದ ಕಲಾವಿದನ ಕೃತಿಗಳಲ್ಲಿ ಜಾನಪದವನ್ನು ಹುಡುಕುವವರು ಸಾಮಾನ್ಯವಾಗಿ ಉಡುಗೆ ತೊಡುಗೆ, ಕಸೂತಿ, ಗುಮ್ಮಟಗಳಂತಹ ಹೊರಗುರುತುಗಳನ್ನು ಪಟ್ಟಿಮಾಡುತ್ತಾರೆ. ಈ ಗುರುತುಗಳು ಕಣ್ಮರೆಯಾದೊಡನೆ ಜಾನಪದವೂ ಮುಗಿಯಿತೆಂದು ಭಾವಿಸುವುದು ವಾಡಿಕೆ. ಅಮೆರಿಕದಲ್ಲಿ ನೆಲೆಸಿದ ಬೋರಿಸ್ ಆರ್ಟ್ಸಿಬಾಶೆಫ್‌ನ ವಿಷಯದಲ್ಲಿಯೂ ಇಂತಹ ವಿಭಜನೆ ಸುಲಭವಾಗಿ ಒದಗುತ್ತದೆ: 1940ಕ್ಕೆ ಮೊದಲು ಕಥಾಪುಸ್ತಕಗಳ ಚಿತ್ರಕಾರ, ಅನಂತರ ಪತ್ರಿಕೆ ಮತ್ತು ಜಾಹೀರಾತುಗಳ ಚಿತ್ರಕಾರ. ಆದರೆ ಅವನ ಕೃತಿಗಳನ್ನು ಒಟ್ಟಾಗಿ ಪರಿಶೀಲಿಸಿದಾಗ ಈ ವಿಭಜನೆ ನಿಲ್ಲುವುದಿಲ್ಲ.

ಆರ್ಟ್ಸಿಬಾಶೆಫ್ 1899ರಲ್ಲಿ ಇಂದಿನ ಉಕ್ರೇನಿನ ಖಾರ್ಕಿವ್ ನಗರದಲ್ಲಿ ಜನಿಸಿದನು. ತಂದೆ ಮಿಖಾಯಿಲ್ ಆರ್ಟ್ಸಿಬಾಶೆಫ್ ರಷ್ಯನ್ ಭಾಷೆಯ ಪ್ರಸಿದ್ಧ ಕಾದಂಬರಿಕಾರ. ಬೋರಿಸ್‌ನ ಶಿಕ್ಷಣ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನಡೆಯಿತು. ಕ್ರಾಂತಿ ಮತ್ತು ಅಂತರ್ಯುದ್ಧಗಳ ನಡುವೆ ದೇಶ ತೊರೆದು 1919ರಲ್ಲಿ ನ್ಯೂಯಾರ್ಕ್ ಸೇರಿದಾಗ ಅವನಿಗೆ ಇಪ್ಪತ್ತರ ವಯಸ್ಸು. ಅಲ್ಲಿ ಅವನಿಗೆ ಅನ್ನ ನೀಡಿದ್ದು ಅಚ್ಚು ಕೊರೆಯುವ ಕಾರ್ಖಾನೆಯ ಕೆಲಸ. ಮನೆತನ, ಭಾಷೆ, ಊರು ಯಾವುದೂ ಬೆಲೆಬಾಳದ ನೆಲದಲ್ಲಿ ಕೈಯ ಕೌಶಲವೊಂದೇ ಅವನ ಗುರುತಾಯಿತು. ಅವನ ಮುಂದಿನ ಚಿತ್ರಗಳನ್ನು ಓದಲು ಈ ಸಂಗತಿಯೇ ಕೀಲಿಕೈ.

1922ರಿಂದ ಅವನು ಪುಸ್ತಕಗಳಿಗೆ ಚಿತ್ರ ಬರೆಯತೊಡಗಿದನು. 1927ರಲ್ಲಿ ಪ್ರಕಟವಾದ 'ಗೇ ನೆಕ್' ಕೃತಿಯ ಲೇಖಕ ಧನಗೋಪಾಲ ಮುಖರ್ಜಿ ಕೂಡ ವಲಸಿಗನೇ. ಬಂಗಾಳದಿಂದ ಹೊರಟು ಜಪಾನಿನ ಮೂಲಕ ಅಮೆರಿಕ ತಲುಪಿದವನು. ಕಲ್ಕತ್ತೆಯ ಪಾರಿವಾಳವೊಂದು ಹಿಮಾಲಯವನ್ನೂ ಮೊದಲನೆಯ ಮಹಾಯುದ್ಧದ ರಣಭೂಮಿಯನ್ನೂ ಕಂಡು ಮರಳುವ ಕಥೆಯನ್ನು ಊರು ಬಿಟ್ಟ ಇಬ್ಬರು ಸೇರಿ ಅಮೆರಿಕದ ಮಕ್ಕಳಿಗೆ ಕೊಟ್ಟರು. ಕೃತಿಗೆ 1928ರಲ್ಲಿ ನ್ಯೂಬೆರಿ ಪದಕ ಸಂದಿತು.

1937ರ 'ಸೆವೆನ್ ಸಿಮಿಯನ್ಸ್' ಆರ್ಟ್ಸಿಬಾಶೆಫ್ ತಾನೇ ಪುನರ್ನಿರೂಪಿಸಿ ಚಿತ್ರಿಸಿದ ರಷ್ಯನ್ ಜನಪದ ಕಥೆ. ಸಿಮಿಯನ್ ಎಂಬ ಒಂದೇ ಹೆಸರಿನ ಏಳು ಮಂದಿ ಸೋದರರು, ಒಬ್ಬೊಬ್ಬನಿಗೂ ಒಂದೊಂದು ವಿದ್ಯೆ. ಎಲ್ಲರ ವಿದ್ಯೆಯೂ ಕೂಡಿದಾಗ ದೂರದ ರಾಜಕುಮಾರಿ ಕೈಸೇರುತ್ತಾಳೆ. ಇದು ಅಂತರರಾಷ್ಟ್ರೀಯ ವರ್ಗಸೂಚಿಯಲ್ಲಿ 653ನೆಯ ಕಥಾವರ್ಗಕ್ಕೆ ಸಮೀಪದ್ದು. ರಾಕ್ಷಸನು ಹೊತ್ತೊಯ್ದ ಕನ್ಯೆಯನ್ನು ಜ್ಞಾನಿ, ವಿಜ್ಞಾನಿ, ಶೂರ ಎಂಬ ಮೂವರು ವರರು ಮರಳಿ ತರುವ ಬೇತಾಳನ ಕಥೆ ಇದರ ಭಾರತೀಯ ಬಂಧು. ಈ ವರ್ಗದ ಕಥೆಗಳಲ್ಲಿ ಪಾತ್ರಗಳಿಗೆ ಪ್ರತ್ಯೇಕ ಸ್ವಭಾವವಿಲ್ಲ. ಅವರನ್ನು ಬೇರ್ಪಡಿಸುವುದು ಅವರವರ ವಿದ್ಯೆ ಮಾತ್ರ. ಕೌಶಲವೇ ಅಲ್ಲಿ ವ್ಯಕ್ತಿಯ ಮುಖ.

ಇದೇ ನಿಯಮ 'ಟೈಮ್' ಪತ್ರಿಕೆಯ ಮುಖಪುಟಗಳಲ್ಲಿ ಮುಂದುವರಿಯಿತು. 1940ರ ದಶಕದಿಂದ 1965ರಲ್ಲಿ ಮರಣ ಹೊಂದುವವರೆಗೆ ಅವನು ಆ ಪತ್ರಿಕೆಗೆ ರಚಿಸಿದ ಮುಖಪುಟಗಳು 200ಕ್ಕೂ ಹೆಚ್ಚು. 1964ರ ಜನವರಿಯ ಸಂಚಿಕೆಯಲ್ಲಿ ಬಕ್‌ಮಿನ್‌ಸ್ಟರ್ ಫುಲ್ಲರ್‌ನ ತಲೆಯೇ ಅವನು ರೂಪಿಸಿದ ಗುಮ್ಮಟವಾಗಿದೆ. 2004ರಲ್ಲಿ ಅಮೆರಿಕದ ಅಂಚೆಚೀಟಿಯನ್ನೂ ಏರಿದ ಈ ಚಿತ್ರದಲ್ಲಿ ರಷ್ಯನ್ ಗುರುತು ಒಂದೂ ಇಲ್ಲ; ಆದರೆ ಫುಲ್ಲರ್ ಇಲ್ಲಿ ಎಂಟನೆಯ ಸಿಮಿಯನ್.

ಯಂತ್ರಚಿತ್ರಗಳಲ್ಲಿ ಈ ನಿಯಮ ತಲೆಕೆಳಗಾಗುತ್ತದೆ. 1950ರ ಜನವರಿಯ ಮುಖಪುಟದಲ್ಲಿ ಮಾರ್ಕ್ 3 ಗಣಕಯಂತ್ರ ನೌಕಾಪಡೆಯ ಟೋಪಿ ಧರಿಸಿ ತನ್ನ ಕೆಲಸದಲ್ಲಿ ತಾನೇ ತೊಡಗಿದೆ. 1954ರ 'ಆಸ್ ಐ ಸೀ' ಸಂಕಲನದಲ್ಲಿ ಯಂತ್ರಗಳಿಗೆ ಕಣ್ಣು, ಕೈ, ಬಾಯಿಗಳು ಮೂಡಿವೆ. ಕಥೆಯಲ್ಲಿ ಮನುಷ್ಯನು ತನ್ನ ವಿದ್ಯೆಯಿಂದ ಗುರುತು ಪಡೆದರೆ, ಇಲ್ಲಿ ವಿದ್ಯೆಯು ಮನುಷ್ಯನನ್ನು ಬಿಟ್ಟು ತಾನೇ ದೇಹ ತಳೆದಿದೆ. ಸೋದರರಿಲ್ಲದೆಯೇ ಅವರ ಕೆಲಸ ನಡೆಯುತ್ತಿದೆ. ಇವುಗಳನ್ನು ಕೇವಲ ವಿನೋದವೆಂದು ನೋಡಿದ ವಿಮರ್ಶೆ ಇವುಗಳ ಒಳಗಿನ ಅಳುಕನ್ನು ಗುರುತಿಸಲಾರದು.

ಆದರೆ ಈ ದೃಷ್ಟಿಗೆ ಪತ್ರಿಕೆಯ ಪುಟ ಒಡ್ಡಿದ ಮಿತಿಯನ್ನೂ ಹೇಳಬೇಕಾಗುತ್ತದೆ. ಅದೇ 1950ರ ಮೇ ತಿಂಗಳ ಮುಖಪುಟದಲ್ಲಿ ಕೋಕಾಕೋಲಾದ ಕೆಂಪು ಬಿಲ್ಲೆ ಭೂಗೋಳಕ್ಕೆ, ಮಗುವಿಗೆ ಉಣಿಸುವಂತೆ, ಪಾನೀಯ ಕುಡಿಸುತ್ತಿದೆ. ಬೇತಾಳ ಕಥೆ ಹೇಳಿ ಮುಗಿಸಿ, ಕನ್ಯೆ ಯಾರಿಗೆ ಸಲ್ಲಬೇಕೆಂದು ಕೇಳುತ್ತಾನೆ. ನ್ಯಾಯನಿರ್ಣಯವಿಲ್ಲದೆ ಕಥೆ ಮುಗಿಯದು. ಮುಖಪುಟಕ್ಕೆ ಅಂತಹ ಪ್ರಶ್ನೆಯ ಹೊಣೆಯಿಲ್ಲ. ವ್ಯಂಗ್ಯ ಮತ್ತು ಪ್ರಚಾರಗಳ ನಡುವಿನ ಗೆರೆ ಅಲ್ಲಿ ಮಸುಕಾಗುತ್ತದೆ.

ಜನಪದ ಕಥೆ ವಲಸೆ ಹೋಗುವಾಗ ಆಶಯಗಳಷ್ಟೇ ಹೋಗುವುದಿಲ್ಲ, ಕಥೆಯ ಒಳಕಟ್ಟೂ ಹೋಗುತ್ತದೆ ಎಂಬುದಕ್ಕೆ ಆರ್ಟ್ಸಿಬಾಶೆಫ್‌ನ ಜೀವಿತಕಾರ್ಯ ನಿದರ್ಶನ. ವಲಸಿಗ ಕಲಾವಿದರ ಅಧ್ಯಯನವು ಹೊರಗುರುತುಗಳ ಪಟ್ಟಿಯನ್ನು ದಾಟಿ ಈ ಒಳಕಟ್ಟನ್ನು ಶೋಧಿಸಬೇಕು. ಇಲ್ಲವಾದರೆ ಅವರ ಅರ್ಧ ಆಯುಷ್ಯದ ದುಡಿಮೆ ಜಾನಪದದ ಲೆಕ್ಕದಿಂದ ಹೊರಗೇ ಉಳಿಯುತ್ತದೆ.