ಬೋರ್ ಹೊಡೆಯುವ ಕೆಲಸ

ಹಳೇ ಯೆಜ್ಡಿಗೆ ಮರುಜೀವ ಕೊಡುವ ವಿಡಿಯೋಗಳನ್ನ ನೀವೂ ನೋಡಿರ್ತೀರಿ. ಕೊಟ್ಟಿಗೆ ಮೂಲೆಯಲ್ಲಿ ತುಕ್ಕು ಹಿಡಿದ ಗಾಡಿ, ಆಮೇಲೆ ವೈರ್ ಬ್ರಷ್, ಪೇಂಟು, ಕ್ರೋಮು, ಟ್ಯಾಂಕಿನ ಮೇಲೆ ಚಿನ್ನದ ಬಣ್ಣದ ಗೆರೆ. ಕೊನೆಗೆ ಒಂದು ಕಿಕ್ಕು, ಎರಡು ಸೈಲೆನ್ಸರಿನ ಆ ಸದ್ದು, ಹಿಂದೆ ಸೂರ್ಯಾಸ್ತ. ಇಪ್ಪತ್ತು ನಿಮಿಷದಲ್ಲಿ ಎಂಜಿನ್ನಿಗೆ ಸಿಗೋದು ಹೆಚ್ಚೆಂದರೆ ಒಂದು ನಿಮಿಷ. “ಎಂಜಿನ್ ಕೆಲಸ ಹೊರಗಡೆ ಮಾಡಿಸಿದ್ವಿ” ಅಂತ ಒಂದು ಸಾಲು, ಮುಗೀತು.

ನನ್ನ ತಕರಾರು ಆ ಒಂದು ಸಾಲಿನ ಮೇಲೆ. ಹೊರಗಡೆ ಅಂದರೆ ಎಲ್ಲಿ? ಅಲ್ಲಿ ಯಾರು, ಏನು ಮಾಡಿದರು? ರಿಸ್ಟೋರೇಶನ್ ಅನ್ನೋ ಹೆಸರಿಗೆ ತಕ್ಕ ಕೆಲಸ ನಡೆಯೋದೇ ಅಲ್ಲಿ. ಉಳಿದದ್ದು ಅಲಂಕಾರ. ಬ್ಯಾಕೆಂಡ್ ಬರೆಯೋರಿಗೆ ಈ ಸಂಕಟ ಹೊಸದಲ್ಲ: ಡೆಮೋ ದಿನ ಚಪ್ಪಾಳೆಯೆಲ್ಲ ಸ್ಕ್ರೀನಿಗೆ.

ನಮ್ಮ ಮಂಡಗದ್ದೆ ಕಡೆ ಯೆಜ್ಡಿ ಶೋಕಿಯ ಗಾಡಿ ಆಗಿರಲಿಲ್ಲ. ಅಡಿಕೆ ಮೂಟೆ, ಗೊಬ್ಬರದ ಚೀಲ, ಹಿಂದೆ ಇಬ್ಬರು, ಮೇಲಿಂದ ಮಳೆ. ದೊಡ್ಡಪ್ಪಯ್ಯನ ಗಾಡಿಗೆ ಪೇಂಟ್ ಮಾಡಿಸಿದ್ದು ನಾನು ನೋಡಿಲ್ಲ. ಎಂಜಿನ್ ಬಿಚ್ಚಿಸಿದ್ದನ್ನ ಮೂರು ಸಲ ನೋಡಿದ್ದೇನೆ. ಸಿಲಿಂಡರನ್ನ ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗೋರು. ಒಮ್ಮೆ ಲೇತಿನವರು “ಪಿಸ್ಟನ್ ಎಲ್ಲಿ? ಪಿಸ್ಟನ್ ಇಲ್ದೆ ನಾನು ಬೋರ್ ಹೊಡೆಯಲ್ಲ, ತಗಂಡ್ ಬನ್ನಿ” ಅಂತ ವಾಪಸ್ ಕಳಿಸಿದ್ದೂ ಉಂಟು. ನನಗೆ ಆಗ ಅದು ಹಟ ಅನ್ನಿಸಿತ್ತು. ಅದು ಶಿಸ್ತು.

ಯಾಕೆ ಅಂತ ಹೇಳ್ತೀನಿ. 250 ಸಿಸಿ ಯೆಜ್ಡಿಯ ಸಿಲಿಂಡರಿನ ಒಳ ಅಗಲ 65 ಮಿ.ಮೀ., ಪಿಸ್ಟನ್ ಮೇಲೆ ಕೆಳಗೆ ಓಡಾಡೋ ದೂರ 75 ಮಿ.ಮೀ. ಟೂ ಸ್ಟ್ರೋಕ್ ಆದ್ದರಿಂದ ಪೆಟ್ರೋಲಿಗೆ ಬೆರೆಸಿದ ಆಯಿಲ್ಲೇ ಪಿಸ್ಟನ್ನಿಗೆ ಜಿಡ್ಡು. ಆಯಿಲ್ ಕಮ್ಮಿಯಾಗಿ ಘಾಟಿ ಹತ್ತಿದರೆ ಪಿಸ್ಟನ್ ಬಿಸಿಯಾಗಿ ಹಿಗ್ಗಿ ಗೋಡೆಗೆ ಕಚ್ಚಿಕೊಳ್ಳುತ್ತೆ, ಗೋಡೆಯ ಮೇಲೆ ಉದ್ದುದ್ದ ಗೀರು ಬೀಳುತ್ತೆ. ಸೀಜ್ ಆಗದೆ ಚೆನ್ನಾಗೇ ಓಡಿದ ಸಿಲಿಂಡರೂ ವರ್ಷಗಳ ಮೇಲೆ ದುಂಡಗೆ ಉಳಿಯಲ್ಲ. ರಿಂಗುಗಳು ತಿರುಗಿ ಇಳಿಯುವ ಮೇಲ್ಭಾಗ ಹೆಚ್ಚು ಸವೆದು, ಬಾಯಿ ಅಗಲ ಬುಡ ಸಣ್ಣ ಆಗಿರುತ್ತೆ. ಆಗ ಇಡೀ ಗೋಡೆಯನ್ನ ಒಂದೇ ಅಳತೆಗೆ ಕೊರೆದು ದೊಡ್ಡ ಪಿಸ್ಟನ್ ಕೂರಿಸಬೇಕು. ಪಿಸ್ಟನ್ನಿಗೂ ಗೋಡೆಗೂ ನಡುವೆ ಬಿಡೋ ಸಂದು ಒಂದು ಕೂದಲೆಳೆಯ ಲೆಕ್ಕದ್ದು. ಡಬ್ಬಿಯ ಮೇಲೆ ಒಂದೇ ಸೈಜ್ ಬರೆದ ಎರಡು ಪಿಸ್ಟನ್‌ಗಳಲ್ಲೇ ಅಷ್ಟು ವ್ಯತ್ಯಾಸ ಇರಬಹುದು. ಹಾಗಾಗಿ ಪಿಸ್ಟನ್ ಅಳೆದು ಅದಕ್ಕೆ ಬೋರ್ ಹೊಡೆಯಬೇಕೇ ಹೊರತು, ಡಬ್ಬಿ ಓದಿ ಅಲ್ಲ. ಮುಗಿದ ಮೇಲೆ ಪೋರ್ಟುಗಳ ಚೂಪು ಅಂಚನ್ನ ಸ್ವಲ್ಪ ಸವರಬೇಕು, ಇಲ್ಲದಿದ್ದರೆ ರಿಂಗು ಸಿಕ್ಕಿ ಮುರಿಯುತ್ತೆ. ಇದ್ಯಾವುದೂ ವಿಡಿಯೋದಲ್ಲಿ ಕಾಣೋ ಕೆಲಸ ಅಲ್ಲ. ನೋಡೋಕೆ ನಿಜಕ್ಕೂ ಬೋರ್ ಹೊಡೆಯುತ್ತೆ.

ಇಷ್ಟೇ ಆಗಿದ್ದರೆ ರುಚಿಯ ಜಗಳ ಅಂದುಕೊಂಡು ಸುಮ್ಮನಿರಬಹುದಿತ್ತು. ಆದರೆ ಪ್ರತಿ ಬೋರೂ ಸಿಲಿಂಡರಿನ ಆಯಸ್ಸನ್ನ ಕೊರೆಯುತ್ತೆ. ಕಾಲು ಮಿ.ಮೀ., ಅರ್ಧ, ಮುಕ್ಕಾಲು, ಒಂದು – ಹೀಗೆ ಕೆಲವೇ ಮೆಟ್ಟಿಲು. ಅದಾದ ಮೇಲೆ ಲೈನರ್ ಹಾಕಿಸಬೇಕು. ನಾವು ಬರೆದ ಕೋಡ್ ಕೈಕೊಟ್ಟರೆ ಹಿಂದಿನ ವರ್ಷನ್ನಿಗೆ ಹೋಗಬಹುದು. ಎರಕದ ಕಬ್ಬಿಣ ಒಮ್ಮೆ ಕೊರೆದರೆ ಕೊರೆದದ್ದೇ. “ಹೇಗೂ ಬಿಚ್ಚಿದೀವಿ, ಬೋರ್ ಹೊಡೆಸಿಬಿಡೋಣ” ಅನ್ನೋದು ಅದಕ್ಕೇ ದುಬಾರಿ ಮಾತು. ಅಳೆದು ನೋಡಿ “ಇದಕ್ಕಿನ್ನೂ ಬೋರ್ ಬೇಡ, ರಿಂಗ್ ಹಾಕಿದ್ರೆ ಸಾಕು” ಅಂತ ಹೇಳೋ ಲೇತಿನವರು ತಮ್ಮ ಕೂಲಿ ಬಿಟ್ಟು ಗಾಡಿ ಉಳಿಸಿದರು. ಆ ನಿರ್ಧಾರಕ್ಕೆ ಯಾವ ವಿಡಿಯೋದಲ್ಲೂ ಜಾಗ ಇಲ್ಲ.

ಹೊಳಪು ಕೆಲವೊಮ್ಮೆ ನೇರವಾಗಿ ಹಾನಿಯನ್ನೂ ಮಾಡುತ್ತೆ. ಕ್ರ್ಯಾಂಕ್‌ಕೇಸ್ ಬೆಳ್ಳಿ ಥರ ಕಾಣಲಿ ಅಂತ ಮರಳು ಬ್ಲಾಸ್ಟಿಂಗ್ ಮಾಡಿಸ್ತಾರೆ. ಸರಿಯಾಗಿ ತೊಳೆಯದೆ ಜೋಡಿಸಿದರೆ ಸಂದುಗಳಲ್ಲಿ ಉಳಿದ ಕಣಗಳು ಬೇರಿಂಗಿಗೂ ರಿಂಗಿಗೂ ಹೋಗ್ತವೆ. ಬೆಂಗಳೂರಲ್ಲಿ ಗೆಳೆಯನೊಬ್ಬನ ಗಾಡಿ ಹಾಗೇ ಆಯ್ತು. ಫೋಟೋಗೆ ನಿಲ್ಲಿಸಿದರೆ ಕಣ್ಣು ಕುಕ್ಕೋ ಹಾಗಿತ್ತು. ತಿಂಗಳೊಳಗೆ ಕನೆಕ್ಟಿಂಗ್ ರಾಡ್ ಕಟಕಟ ಅನ್ನೋಕೆ ಶುರು. ರಾಡ್ ಬದಲಿಸಬೇಕೆಂದರೆ ಕ್ರ್ಯಾಂಕನ್ನ ಪ್ರೆಸ್ಸಿನಲ್ಲಿ ಬಿಡಿಸಿ, ಹೊಸ ಪಿನ್ ಒತ್ತಿ, ಡಯಲ್ ಗೇಜ್ ಇಟ್ಟು, ಮೆಲ್ಲಗೆ ತಟ್ಟಿ ತಟ್ಟಿ ಎರಡೂ ಚಕ್ರಗಳನ್ನ ಒಂದೇ ನೇರಕ್ಕೆ ತರಬೇಕು. ಮತ್ತೆ “ಹೊರಗಡೆ”ಗೇ ಹೋಗಬೇಕು, ನೋಡಿ.

ರಿಸ್ಟೋರ್ ಮಾಡೋರು ಇಲ್ಲದಿದ್ದರೆ ಈ ಗಾಡಿಗಳೆಲ್ಲ ಗುಜರಿಗೆ ಹೋಗಿರೋವು, ಅದನ್ನ ಒಪ್ಪಲೇಬೇಕು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಜಾವಾಗಳನ್ನ ಮಾಡ್ತು. 70ರ ದಶಕದಲ್ಲಿ ಅವೇ ಯೆಜ್ಡಿ ಆದವು. 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಈಚೆಗೆ ಕಂಪನಿಯ ಹೊಸ ಸಿಲಿಂಡರ್ ಅಂತ ಬರೋ ದಾರಿಯೇ ಇಲ್ಲ. ಹಳೇ ದಾಸ್ತಾನು, ಇಲ್ಲಾ ನಕಲು. ಇಷ್ಟು ವರ್ಷ ಈ ಎಂಜಿನ್‌ಗಳು ಓಡ್ತಾ ಇದ್ದರೆ ಅದಕ್ಕೆ ಮಾಲೀಕರ ಪ್ರೀತಿಯ ಜೊತೆ ಊರೂರಿನ ಲೇತ್‌ಗಳೂ ಕಾರಣ. ಪ್ರೀತಿಯ ಬಗ್ಗೆ ಮಾತ್ರ ಹಾಡು ಕಟ್ಟಿದ್ದೀವಿ.

ಪೇಂಟಿಗೆ ಕೇಳಿದಷ್ಟು ಕೊಟ್ಟು, ಬೋರಿಂಗಿಗೆ ಚೌಕಾಸಿ ಮಾಡೋದು ನಾನು ಕಂಡ ರಿಸ್ಟೋರೇಶನ್ನುಗಳಲ್ಲಿ ಮಾಮೂಲು. ಹೀಗಿದ್ದರೆ ಆ ಕೆಲಸಕ್ಕೆ ಮುಂದಿನ ಹುಡುಗರು ಯಾಕೆ ಬರ್ತಾರೆ? ಬಿಡಿಭಾಗದ ನಕಲು ಸಿಗಬಹುದು, ಕೈಗೆ ಕೂತ ಅಳತೆಗೆ ನಕಲು ಸಿಗಲ್ಲ.

ಜುಲೈ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ ಅಂತ ಬೆಂಗಳೂರಲ್ಲಿ ಗಾಡಿಗಳು ಸೇರ್ತವೆ. ಹೋದರೆ ಟ್ಯಾಂಕಿನಲ್ಲಿ ಮುಖ ನೋಡಿಕೊಳ್ಳೋ ಮೊದಲು ಮಾಲೀಕರನ್ನ ಎರಡು ಪ್ರಶ್ನೆ ಕೇಳಿ: ಇದು ಎಷ್ಟನೇ ಬೋರು? ಹೊಡೆದವರು ಯಾರು? ಎರಡಕ್ಕೂ ತಡವರಿಸದೆ ಉತ್ತರ ಬಂದರೆ, ಪೇಂಟು ಅಲ್ಲಲ್ಲಿ ಎದ್ದಿದ್ದರೂ ಪರವಾಗಿಲ್ಲ, ಅಲ್ಲೇ ಸ್ವಲ್ಪ ಹೊತ್ತು ನಿಲ್ಲಿ. ಸ್ಟಾರ್ಟ್ ಮಾಡೋಕೆ ಹೇಳಿ.